ಬೊಜ್ಜಿನ ಆಪರೇಷನ್‌ಗೆ ಮೊದಲು ಉಸಿರು ನೋಡಿ

ತೂಕ ಇಳಿಸುವ ಆಪರೇಷನ್ ಎಂದರೆ ನಾವು ಮೊದಲು ಕೇಳುವುದು ಖರ್ಚನ್ನು. ಶ್ವಾಸಕೋಶ ಹಾಳಾಗಿರುವವರು ಅದಕ್ಕೂ ಮುಂಚೆ ಅರಿವಳಿಕೆ ಡಾಕ್ಟರನ್ನು ಕಾಣಬೇಕು.

ಸಾಮಾನ್ಯವಾಗಿ ಇದು ಲ್ಯಾಪ್ರೊಸ್ಕೋಪಿ. ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬಿ ಉಬ್ಬಿಸುತ್ತಾರೆ. ಅದು ಎದೆ, ಹೊಟ್ಟೆ ನಡುವಿನ ವಪೆಯನ್ನು ಮೇಲಕ್ಕೊತ್ತುತ್ತದೆ. ಸ್ವಲ್ಪ ರಕ್ತಕ್ಕೂ ಸೇರುತ್ತದೆ. ಅದನ್ನು ಹೊರಹಾಕಬೇಕಾದ್ದು ಶ್ವಾಸಕೋಶವೇ. ಬೀಡಿಯಿಂದಲೋ ಸೌದೆ ಒಲೆಯ ಹೊಗೆಯಿಂದಲೋ ಸೋತ ಶ್ವಾಸಕೋಶಕ್ಕೆ ಇದು ದೊಡ್ಡ ಹೊರೆ. ಆಮೇಲೆ ವೆಂಟಿಲೇಟರ್ ತೆಗೆಯುವುದೂ ಕಷ್ಟವಾಗಬಹುದು.

ಆದ್ದರಿಂದ ಬೀಡಿ, ಗೊರಕೆ, ಏದುಸಿರು ಯಾವುದನ್ನೂ ಮುಚ್ಚಿಡಬೇಡಿ. ಉಸಿರು ಊದುವ ಪರೀಕ್ಷೆ ಆಗಬೇಕೇ ಎಂದು ಕೇಳಿ. ಬೀಡಿಯನ್ನು ಕನಿಷ್ಠ 4 ವಾರ ಮೊದಲೇ ಬಿಡಿ.

ಆಸ್ಪತ್ರೆಗಳೂ ಅಷ್ಟೇ, ಆಪರೇಷನ್ ದಿನ ಬೆಳಿಗ್ಗೆ ಅರಿವಳಿಕೆ ಡಾಕ್ಟರ ಮುಖ ತೋರಿಸಿದರೆ ಸಾಲದು. ವಾರಗಳ ಮೊದಲೇ ಭೇಟಿ ಮಾಡಿಸಬೇಕು. ಅವರು ‘ಈಗ ಬೇಡ’ ಎಂದರೆ ಕೇಳಿ. ಬೊಜ್ಜು ಕಾಯುತ್ತದೆ, ಉಸಿರು ಕಾಯುವುದಿಲ್ಲ.