ಬೆಟ್ಟದ ಊರಿಗೆ ಮೂರು ತಿಂಗಳ ಬಿಪಿ ಮಾತ್ರೆ ಒಟ್ಟಿಗೇ ಕೊಡಿ

ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಹಳ್ಳಿ, ದೊಡ್ಡಿ, ಪೋಡುಗಳ ಬಂಧುಗಳೇ, ಪಂಚಾಯ್ತಿ ಸದಸ್ಯರೇ, ಆರೋಗ್ಯ ಇಲಾಖೆಯ ಅಧಿಕಾರಿಗಳೇ,

ನಮ್ಮ ಕಡೆ ಯಾರಿಗಾದರೂ ಲಕ್ವ ಹೊಡೆದರೆ ಮುಂದೇನು ಅನ್ನುವುದು ನಿಮಗೆಲ್ಲ ಗೊತ್ತು. ರಾತ್ರಿ ಚೆನ್ನಾಗಿ ಮಲಗಿದವರು ಬೆಳಗ್ಗೆ ಏಳುವಾಗ ಬಾಯಿ ಸೊಟ್ಟಗಾಗಿರುತ್ತದೆ, ಒಂದು ಕೈ ಎತ್ತಲಾಗುವುದಿಲ್ಲ. ಜೀಪು ಸಿಕ್ಕರೆ ಜೀಪು, ಇಲ್ಲದಿದ್ದರೆ ಡೋಲಿ. ದಾರಿಯಲ್ಲಿ ಆನೆ ನಿಂತಿದ್ದರೆ ಅದು ಸರಿಯುವವರೆಗೆ ಕಾಯಬೇಕು. ಬೆಟ್ಟಕ್ಕೆ ಬಂದು 108 ಹತ್ತಿಸಿದ ಮೇಲೂ ಕೊಳ್ಳೇಗಾಲ ಸುಮಾರು 80 ಕಿ.ಮೀ., ಮೈಸೂರು ಸುಮಾರು 150 ಕಿ.ಮೀ. ಮೆದುಳಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು. ನಾಳವೇ ಒಡೆದಿದ್ದರೆ ಆ ಇಂಜೆಕ್ಷನ್ ಕೊಡುವಂತೆಯೂ ಇಲ್ಲ. ಕಾಡಿನ ನಡುವಿನ ಊರಿನಿಂದ ಆ ಹೊತ್ತಿನೊಳಗೆ ತಲುಪಿಕೊಂಡವರು ಎಷ್ಟು ಜನ? ಉಳಿದವರ ಪಾಲಿಗೆ ಪಾರಿವಾಳದ ರಕ್ತ, ನಾಟಿ ಎಣ್ಣೆ, ಜಗಲಿಯ ಮೂಲೆ, ಹಗಲೂ ರಾತ್ರಿ ಜೊತೆಗಿರಬೇಕಾದ ಒಬ್ಬ ಮಗಳೋ ಸೊಸೆಯೋ.

ರಸ್ತೆ ಕೇಳುವುದನ್ನು, ಆಂಬುಲೆನ್ಸ್ ಕೇಳುವುದನ್ನು ನಾವು ಬಿಡುವುದಿಲ್ಲ. ಆದರೆ ಲಕ್ವ ಹೊಡೆದ ಮೇಲೆ ಓಡುವುದಕ್ಕಿಂತ ಹೊಡೆಯದಂತೆ ತಡೆಯುವ ದಾರಿ ನಮ್ಮ ಕೈಯಳತೆಯಲ್ಲೇ ಇದೆ. ಲಕ್ವಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ರಕ್ತದೊತ್ತಡ, ಅಂದರೆ ಬಿಪಿ. ಬಿಪಿಯ ಮೇಲಿನ ಅಂಕಿಯನ್ನು ಹತ್ತರಷ್ಟು ಇಳಿಸಿದರೆ ಲಕ್ವ ಹೊಡೆಯುವ ಅಪಾಯ ಸುಮಾರು ಕಾಲು ಭಾಗ ಕಡಿಮೆಯಾಗುತ್ತದೆ. ಇಳಿಸುವುದಕ್ಕೆ ದೊಡ್ಡ ಆಸ್ಪತ್ರೆ ಬೇಕಿಲ್ಲ. ಅಮ್ಲೋಡಿಪಿನ್ ಎಂಬ ಮಾತ್ರೆ ದಿನಕ್ಕೆ ಒಂದು ನುಂಗಿದರೆ ಇಡೀ ದಿನ ಕೆಲಸ ಮಾಡುತ್ತದೆ. ಸಾಲದವರಿಗೆ ಡಾಕ್ಟರು ಜೊತೆಗೆ ಇನ್ನೊಂದನ್ನು ಬರೆಯುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಿಲ್ಲ. ಮಾತ್ರೆ ಎಲ್ಲಿಗೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದಷ್ಟೇ ನಮ್ಮ ಪ್ರಶ್ನೆ.

ಬಿಪಿ ಪೇಟೆಯವರ ಕಾಯಿಲೆ, ಕಾಡಲ್ಲಿ ನಡೆದು ಸೌದೆ ಹೊತ್ತು ಬದುಕುವವರಿಗೆ ಬಾರದು ಎನ್ನುವವರು ಈಗಲೂ ಇದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ದೇಶದಲ್ಲಿ 15 ವರ್ಷ ದಾಟಿದ ಪೇಟೆಯ ಗಂಡಸರಲ್ಲಿ ಶೇ 26.6 ಮಂದಿಗೆ ಬಿಪಿ ಇದ್ದರೆ ಹಳ್ಳಿಯವರಲ್ಲಿ ಶೇ 22.7. ಹೆಂಗಸರಲ್ಲಿ ಪೇಟೆಯಲ್ಲಿ ಶೇ 23.6, ಹಳ್ಳಿಯಲ್ಲಿ ಶೇ 20.2. ಹಳ್ಳಿಯಲ್ಲಿ ಐವರಲ್ಲಿ ಒಬ್ಬರಿಗೆ ಇದೆ ಎಂದ ಮೇಲೆ ಇದು ನಮ್ಮ ಕಾಯಿಲೆಯೂ ಹೌದು.

ಇದರ ಕಷ್ಟವೇನೆಂದರೆ, ನೋವಿಲ್ಲ. ಸಿಸ್ಟರು ಒಬ್ಬ ತಾಯಿಯ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ ಯಂತ್ರ 178/104 ತೋರಿಸುತ್ತದೆ. 140/90 ದಾಟಿದರೇ ಹೆಚ್ಚು. "ನಂಗೇನಾಗದೆ ಕನವ್ವ? ಗುಂಡ್ಕಲ್ಲಂಗಿವ್ನಿ" ಅನ್ನುತ್ತಾರೆ ಆ ತಾಯಿ. ಸುಳ್ಳಲ್ಲ, ಅವರಿಗೆ ಹಾಗೇ ಅನ್ನಿಸುತ್ತದೆ. ಆದರೂ ಸಿಸ್ಟರ ಮಾತಿಗೆ ಬೆಲೆಕೊಟ್ಟು ಡಾಕ್ಟರ ಹತ್ತಿರ ಹೋಗಿ ಮಾತ್ರೆ ಶುರು ಮಾಡುತ್ತಾರೆ. ಕೆಲವು ತಿಂಗಳಲ್ಲಿ ಬಿಪಿ ಹತೋಟಿಗೆ ಬರುತ್ತದೆ. ಅಷ್ಟರಲ್ಲಿ ರಾಗಿ ಕೊಯ್ಲು ಬರುತ್ತದೆ. ಮೂವತ್ತು ಮಾತ್ರೆಯ ಪಟ್ಟಿಗಾಗಿ ಒಂದು ದಿನದ ಕೂಲಿ ಬಿಟ್ಟು, ಕಾಡುದಾರಿ ನಡೆದು ಹೋಗಿ ಬರಬೇಕು. ಹೋದ ದಿನ ಡಾಕ್ಟರು ಮೀಟಿಂಗಿಗೆ ಹೋಗಿದ್ದರೆ ಆ ನಡಿಗೆಯೂ ದಂಡ. ಆಗ ಉಳಿದಿರುವುದನ್ನೇ ಎಳೆದಾಡುತ್ತಾರೆ: ದಿನ ಬಿಟ್ಟು ದಿನ ಒಂದು. ಆಮೇಲೆ ತಲೆ ಸುತ್ತಿದರೆ ಮಾತ್ರ ಒಂದು. ಆಮೇಲೆ ನಿಂತೇ ಹೋಗುತ್ತದೆ. ಇನ್ನೂ ಕೆಲವರು, ಹೋದ ಸಲ ಬಿಳಿ ಮಾತ್ರೆ ಕೊಟ್ಟವರು ಈ ಸಲ ಬೇರೆ ಬಣ್ಣದ ಪಟ್ಟಿ ಕೊಟ್ಟರು ಎಂದು ಹೆದರಿ ಬಿಡುತ್ತಾರೆ. ಕಂಪನಿ ಬದಲಾದರೂ ಔಷಧಿ ಅದೇ ಎಂದು ಯಾರೂ ಬಿಡಿಸಿ ಹೇಳಿರುವುದಿಲ್ಲ. ಈ ಜನರನ್ನು ಅಸಡ್ಡೆಯವರು ಎಂದು ಬೈಯುವುದು ಅನ್ಯಾಯ. ಮಾತ್ರೆಗಾಗಿ ತಿಂಗಳಿಗೊಂದು ಕೂಲಿ ಕಳೆದುಕೊಳ್ಳಿ ಎಂದು ಸಂಬಳದವರಿಗೆ ಹೇಳಿದ್ದರೆ ಅವರೂ ಬಿಡುತ್ತಿದ್ದರು.

ಹಾಗಾಗಿ ನಮ್ಮ ಬೇಡಿಕೆ: ಬಿಪಿ ಹತೋಟಿಗೆ ಬಂದವರಿಗೆ ಮೂರು ತಿಂಗಳ ಮಾತ್ರೆಯನ್ನು ಒಂದೇ ಸಲ, ಊರಿಗೆ ಹತ್ತಿರದ ಆರೋಗ್ಯ ಉಪಕೇಂದ್ರದಲ್ಲೇ ಕೊಡಬೇಕು. ಇದು ಎಲ್ಲೂ ಇಲ್ಲದ್ದೇನೂ ಅಲ್ಲ. 2020ರಲ್ಲಿ ಕೊರೊನಾ ಬಂದಾಗ ಬಿಪಿ, ಶುಗರ್ ಇರುವವರಿಗೆ ಮೂರು ತಿಂಗಳವರೆಗಿನ ಮಾತ್ರೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ, ಉಪಕೇಂದ್ರಗಳ ಮೂಲಕ ತಲುಪಿಸಿ ಎಂದು ಕೇಂದ್ರ ಆರೋಗ್ಯ ಸಚಿವಾಲಯವೇ ಹೇಳಿತ್ತು. ಲಾಕ್‌ಡೌನ್‌ನಲ್ಲಿ ಇಡೀ ದೇಶಕ್ಕೆ ದಾರಿ ಮುಚ್ಚಿತ್ತು. ನಮ್ಮ ಊರುಗಳಿಗೆ ಮಳೆಗಾಲ ಬಂದಾಗಲೆಲ್ಲ ದಾರಿ ಮುಚ್ಚುತ್ತದೆ. ಅಂದು ಆದದ್ದು ಇಂದು ಯಾಕೆ ಆಗಬಾರದು?

ಕೂಲಿಗೆ ಹೊರಗೆ ಹೋಗುವವರನ್ನೂ ನೆನಪಿಟ್ಟುಕೊಳ್ಳಿ. ಕೊಡಗಿನ ಕಾಫಿ ತೋಟಕ್ಕೋ ತಮಿಳುನಾಡಿಗೋ ಹೋದವರು ಎರಡು ಮೂರು ತಿಂಗಳು ಊರಿಗೆ ಬರುವುದಿಲ್ಲ. ತಿಂಗಳ ಲೆಕ್ಕದ ಮಾತ್ರೆ ಅಲ್ಲಿಯೇ ಮುಗಿದುಹೋಗುತ್ತದೆ.

ಒಟ್ಟಿಗೇ ಕೊಟ್ಟರೆ ಜನ ತಿರುಗಿ ಬರುವುದಿಲ್ಲ, ಬಿಪಿ ಏರಿದರೂ ತಿಳಿಯುವುದಿಲ್ಲ ಎನ್ನುವ ಅಧಿಕಾರಿಗಳಿದ್ದಾರೆ. ಅವರ ಆತಂಕದಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಅದಕ್ಕೇ ಹತೋಟಿಗೆ ಬಂದವರಿಗೆ ಎಂದಿರುವುದು. ಹೊಸಬರನ್ನು, ಅಂಕಿ ಇಳಿಯದವರನ್ನು ತಿಂಗಳಿಗೊಮ್ಮೆ ಡಾಕ್ಟರು ನೋಡಲೇಬೇಕು. ಉಳಿದವರ ಬಿಪಿಯನ್ನು ಊರಿಗೆ ಬರುವ ಸಿಸ್ಟರು ನೋಡಿ ಬರೆದುಕೊಳ್ಳಬಹುದು. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ 30 ದಾಟಿದವರ ಮನೆಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುವ ಏರ್ಪಾಡಿದೆ. ಒಳ್ಳೆಯ ಕೆಲಸ. ಆದರೆ ಬಿಪಿ ಇದೆ ಎಂದು ಚೀಟಿ ಬರೆದುಕೊಟ್ಟು, ಮಾತ್ರೆಗೆ ಕಾಡು ದಾಟಿ ಬಾ ಎಂದರೆ ಅರ್ಧ ಕೆಲಸವೇ ಆದಂತೆ.

ನೋಡುವಾಗಲೂ ಒಂದು ಎಚ್ಚರ ಬೇಕು. ಏರು ಹತ್ತಿ ಏದುಸಿರು ಬಿಡುತ್ತ ಬಂದವರಿಗೆ ಕೂಡಲೇ ಪಟ್ಟಿ ಸುತ್ತಿದರೆ ಅಂಕಿ ಹೆಚ್ಚೇ ಬರುತ್ತದೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ. ಅರ್ಧ ಗಂಟೆ ಮುಂಚಿನಿಂದ ಟೀ, ಬೀಡಿ ಬೇಡ. ತೋಳು ಎದೆಯ ಮಟ್ಟಕ್ಕಿರಲಿ, ಮಾತು ಬೇಡ, ಎರಡು ಸಲ ನೋಡಿ. ಯಂತ್ರದ ಸೆಲ್ ಮುಗಿದಿದೆ ಎಂದು ಡಬ್ಬಿಯಲ್ಲಿಟ್ಟು ತಿಂಗಳುಗಟ್ಟಲೆ ಬಿಡುವುದು ಇನ್ನಾದರೂ ನಿಲ್ಲಬೇಕು.

ಉಪ್ಪಿನ ಮಾತು ಎಲ್ಲರೂ ಹೇಳುತ್ತಾರೆ, ನಾವೂ ಹೇಳುತ್ತೇವೆ: ಒಬ್ಬರಿಗೆ ದಿನಕ್ಕೆ 5 ಗ್ರಾಂ, ಒಂದು ಟೀ ಚಮಚದಷ್ಟು, ಅದಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ತರಕಾರಿ ಸಿಗದ ದಿನ ಮುದ್ದೆಗೆ ಉಪ್ಪಿನಕಾಯಿಯೇ ಗತಿ ಎನ್ನುವುದೂ ನಮಗೆ ಗೊತ್ತು. ಉಪ್ಪು ಇಳಿಸಿ, ಬೀಡಿ, ಹೆಂಡ ಬಿಡಿ. ಡಾಕ್ಟರು ಹೇಳದೆ ಮಾತ್ರೆಯನ್ನು ಮಾತ್ರ ಬಿಡಬೇಡಿ. ಕಾಲು ಊದಿದರೆ, ಒಣಕೆಮ್ಮು ಹತ್ತಿದರೆ ಸಿಸ್ಟರಿಗೆ ತಿಳಿಸಿ, ಬೇರೆ ಮಾತ್ರೆಗಳಿವೆ.

ಮುಂದಿನ ಗ್ರಾಮಸಭೆಗೆ ಮನೆಗೊಬ್ಬರಾದರೂ ಬನ್ನಿ. ಇದನ್ನು ಅರ್ಜಿಯಲ್ಲಿ ಬರೆದು, ಓದಿಸಿ, ನಡಾವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಎದ್ದು ಹೋಗಬೇಡಿ: ನಮ್ಮ ಉಪಕೇಂದ್ರದಲ್ಲಿ ಬಿಪಿ ಮಾತ್ರೆ ಯಾವತ್ತೂ ಖಾಲಿಯಾಗಬಾರದು, ಹತೋಟಿಯಲ್ಲಿರುವವರಿಗೆ ಮೂರು ತಿಂಗಳಿಗಾಗುವಷ್ಟು ಒಟ್ಟಿಗೇ ಕೊಡಬೇಕು, ಮಳೆಗಾಲದ ಮಾತ್ರೆ ಮಳೆ ಹಿಡಿಯುವ ಮೊದಲೇ ಊರು ಸೇರಬೇಕು, ತಿಂಗಳಿಗೊಮ್ಮೆ ಗೊತ್ತಾದ ದಿನ ಸಿಸ್ಟರು ಕೆಲಸ ಮಾಡುವ ಯಂತ್ರದೊಂದಿಗೆ ನಮ್ಮ ಊರಿಗೇ ಬರಬೇಕು.