ರೊಟ್ಟಿಯ ಎಣಿಕೆ, ತೂಕದ ಲೆಕ್ಕ

ಇತ್ತೀಚಿನ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ದೂರವಾಣಿ ಮಾಡಿದಾಗಲೂ, ಮದುವೆ ಮುಂಜಿಗಳಲ್ಲಿ ಬಂಧುಗಳು ಎದುರಾದಾಗಲೂ, ಕ್ಷೇಮಸಮಾಚಾರ ಮುಗಿಯುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: "ಸರ್, ರೊಟ್ಟಿ ಬಿಟ್ಟು ತೂಕ ಇಳಿಸಿದಿರಂತೆ, ಹೌದೇನ್ರಿ?" ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ನನ್ನ ಅಭಿಪ್ರಾಯವನ್ನು ಒಂದೇ ಕಡೆ ಬರೆದಿಡುವುದು ಲೇಸೆಂದು ಈ ಲೇಖನ. ಮೊದಲಿಗೆ ಹೇಳಬೇಕಾದದ್ದೆಂದರೆ, ನಾನು ರೊಟ್ಟಿ ಬಿಟ್ಟಿಲ್ಲ. ಸೇಡಂ ತಾಲೂಕಿನಲ್ಲಿ ಹುಟ್ಟಿ, ಚಿತ್ತಾಪುರ, ವಾಡಿ, ಚಿಂಚೋಳಿಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಮಕ್ಕಳಿಗೆ ಗಣಿತ, ವಿಜ್ಞಾನ ಹೇಳಿಕೊಟ್ಟವನು ಜೋಳದ ರೊಟ್ಟಿ ಬಿಟ್ಟು ಬದುಕುವುದು ಶಕ್ಯವೆಂದು ನನಗೆ ತೋರುವುದಿಲ್ಲ. ನಾನು ಮಾಡಿದ್ದು ಎಣಿಕೆಯನ್ನು ಬದಲಿಸಿದ್ದು ಮಾತ್ರ. ನಿವೃತ್ತಿಯ ನಂತರ 86 ಕಿಲೋ ತಲುಪಿದ್ದ ತೂಕ ಹದಿನಾಲ್ಕು ತಿಂಗಳಲ್ಲಿ 74ಕ್ಕೆ ಇಳಿಯಿತು. ಕಳೆದ ಏಳು ವರ್ಷಗಳಿಂದ 73 ಮತ್ತು 76ರ ನಡುವೆ ಓಲಾಡುತ್ತಿದೆ. ಇಳಿಸಿದ್ದಕ್ಕಿಂತ ಈ ಏಳು ವರ್ಷಗಳೇ ನನಗೆ ಹೆಚ್ಚು ಮುಖ್ಯವೆನಿಸುತ್ತವೆ.

'ಲೋ ಕಾರ್ಬ್' ಎಂಬ ಮಾತು ಈಗ ಊರೂರಿಗೂ ಬಂದಿದೆ. ಹಳೆಯ ಪಠ್ಯಪುಸ್ತಕಗಳಲ್ಲಿ ನಾವು 'ಶರ್ಕರಪಿಷ್ಟ' ಎಂದು ಕಲಿಸುತ್ತಿದ್ದೆವಲ್ಲ, ಅದನ್ನೇ ಕಡಿಮೆ ಮಾಡುವ ಆಹಾರಕ್ರಮ ಇದು. ಹೊಸದೇನೂ ಅಲ್ಲ. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಎಂಬ ಶವಪೆಟ್ಟಿಗೆ ವ್ಯಾಪಾರಿ ಇದ್ದನು. ರಾಜಮನೆತನದ ಅಂತ್ಯಕ್ರಿಯೆಗಳ ವ್ಯವಸ್ಥೆಯನ್ನೂ ಅವನ ಮನೆತನವೇ ನೋಡಿಕೊಳ್ಳುತ್ತಿತ್ತು. ಬಗ್ಗಿ ತನ್ನ ಬೂಟಿನ ದಾರ ಕಟ್ಟಲಾರದಷ್ಟು ಸ್ಥೂಲನಾಗಿದ್ದ ಅವನಿಗೆ ವಿಲಿಯಂ ಹಾರ್ವೆ ಎಂಬ ಕಿವಿಯ ವೈದ್ಯರು ಬ್ರೆಡ್ಡು, ಸಕ್ಕರೆ, ಬಿಯರು, ಆಲೂಗಡ್ಡೆಗಳನ್ನು ಬಿಡಿಸಿದರು. 1862ರ ಆಗಸ್ಟಿನಲ್ಲಿ 202 ಪೌಂಡು ಇದ್ದವನು ಹೆಚ್ಚುಕಡಿಮೆ ಒಂದು ವರ್ಷದಲ್ಲಿ 46 ಪೌಂಡು, ಅಂದರೆ ಸುಮಾರು 21 ಕಿಲೋ ಕಳೆದುಕೊಂಡನು. 1863ರಲ್ಲಿ ಸಾರ್ವಜನಿಕರಿಗೆ ಬರೆದ ಪತ್ರದ ರೂಪದಲ್ಲಿ ಒಂದು ಚಿಕ್ಕ ಪುಸ್ತಿಕೆ ಪ್ರಕಟಿಸಿದನು. ಅದು ಎಷ್ಟು ಮನೆಮಾತಾಯಿತೆಂದರೆ, ತೂಕ ಇಳಿಸುವುದಕ್ಕೆ ಇಂಗ್ಲಿಷಿನಲ್ಲಿ ಅವನ ಹೆಸರೇ ಕ್ರಿಯಾಪದವಾಯಿತು. 81 ವರ್ಷ ಬದುಕಿ 1878ರಲ್ಲಿ ತೀರಿಕೊಂಡನು. (ಅವನ ಪಥ್ಯದಲ್ಲಿ ದಿನವೂ ಒಳ್ಳೆಯ ದ್ರಾಕ್ಷಾರಸಕ್ಕೆ ಅವಕಾಶವಿತ್ತೆಂಬುದನ್ನು ನನ್ನ ಕೆಲವು ವಿದ್ಯಾರ್ಥಿಗಳು ಮಾತ್ರ ನೆನಪಿಡುವರೆಂದು ಬಲ್ಲೆ.)

ಹಾಗಾದರೆ ಈ ಮಾರ್ಗ ಸತ್ಯವೇ? ಸತ್ಯವೇ, ಆದರೆ ಸಾರುವಷ್ಟಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಕೊಬ್ಬು ಕಡಿಮೆ, ಇನ್ನೊಂದಕ್ಕೆ ಪಿಷ್ಟ ಕಡಿಮೆ ಇರುವ ಆಹಾರವನ್ನು ಒಂದು ವರ್ಷ ನಡೆಸಿ ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶ: ಮೊದಲ ಗುಂಪು ಸರಾಸರಿ 5.3 ಕಿಲೋ, ಎರಡನೆಯದು 6 ಕಿಲೋ ಇಳಿದಿತ್ತು. ಹೇಳಿಕೊಳ್ಳುವ ಅಂತರವೇನೂ ಅಲ್ಲ. ಎರಡೂ ಗುಂಪಿನವರಿಗೆ ಸಕ್ಕರೆ, ಮೈದಾ ಬಿಡಿ, ತರಕಾರಿ ಹೆಚ್ಚು ತಿನ್ನಿ ಎಂದೇ ಹೇಳಲಾಗಿತ್ತು ಎಂಬುದನ್ನು ಗಮನಿಸಬೇಕು. ಮೊದಲ ವಾರದಲ್ಲೇ ಎರಡು ಮೂರು ಕಿಲೋ ಇಳಿಯಿತೆಂದು ಹಿಗ್ಗುವವರಿಗೆ ಇನ್ನೊಂದು ಮಾತು. ನಮ್ಮ ಯಕೃತ್ತು, ಸ್ನಾಯುಗಳಲ್ಲಿ ಶೇಖರವಾಗಿರುವ ಗ್ಲೈಕೋಜನ್ ತನ್ನ ತೂಕದ ಮೂರು ಪಟ್ಟಿನಷ್ಟು ನೀರನ್ನು ಹಿಡಿದುಕೊಂಡಿರುತ್ತದೆ. ಪಿಷ್ಟ ನಿಲ್ಲಿಸಿದೊಡನೆ ಆ ಸಂಗ್ರಹ ಕರಗಿ ನೀರು ಹೊರಹೋಗುತ್ತದೆ. ತಕ್ಕಡಿಯಲ್ಲಿ ಕಂಡ ಇಳಿತದ ಬಹುಪಾಲು ಅದೇ.

ಈಗ ನಮ್ಮ ತಟ್ಟೆಗೆ ಬರೋಣ. ಒಂದು ರೊಟ್ಟಿಗೆ 50 ಗ್ರಾಂ ಹಿಟ್ಟು ಎಂದಿಟ್ಟುಕೊಳ್ಳಿ; ಚಿಂಚೋಳಿ ಕಡೆಯ ಕೈಗಳು ಬಡಿಯುವ ರೊಟ್ಟಿ ಇದಕ್ಕಿಂತ ದೊಡ್ಡದೇ ಇರುತ್ತದೆ. ನೂರು ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಪಿಷ್ಟ, 10 ಗ್ರಾಂ ಪ್ರೋಟೀನು, 10 ಗ್ರಾಂ ನಾರು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ 78 ಗ್ರಾಂ ಪಿಷ್ಟ, 8 ಗ್ರಾಂ ಪ್ರೋಟೀನು, ನಾರು ಮೂರು ಗ್ರಾಂ ಕೂಡ ಇಲ್ಲ. ದಿನಕ್ಕೆ ಐದು ರೊಟ್ಟಿ ಉಂಡರೆ 170 ಗ್ರಾಂ ಪಿಷ್ಟ. ಮೇಲೆ ನೂರು ಗ್ರಾಂ ಅಕ್ಕಿಯ ಅನ್ನಕ್ಕೆ 78. ಎರಡೆರಡು ಚಮಚ ಸಕ್ಕರೆಯ ನಾಲ್ಕು ಕಪ್ಪು ಚಹಾಕ್ಕೆ 40. ಒಟ್ಟು 288 ಗ್ರಾಂ. ಇದು ಹಬ್ಬದ ಊಟವಲ್ಲ, ಕುಳಿತೇ ಇರುವ ನಿವೃತ್ತ ಮನುಷ್ಯನ ಸಾದಾ ದಿನ. ನಾನು ಚಹಾದ ಸಕ್ಕರೆ ಬಿಟ್ಟೆ, ರಾತ್ರಿಯ ಅನ್ನ ಬಿಟ್ಟೆ, ರೊಟ್ಟಿಯನ್ನು ಐದರಿಂದ ಮೂರಕ್ಕೆ ತಂದೆ. ಬಿಟ್ಟ ಜಾಗದಲ್ಲಿ ಗಟ್ಟಿ ಬೇಳೆ, ಮೊಳಕೆ ಕಾಳಿನ ಉಸಳಿ, ಮೊಸರು, ಪುಂಡಿಪಲ್ಯ, ಮೆಂತೆಸೊಪ್ಪು ಬಂದವು. ಬೇಳೆಯದನ್ನೂ ಸೇರಿಸಿದರೆ 150 ಗ್ರಾಮಿನ ಆಸುಪಾಸು. ತಜ್ಞರು ಸಾಮಾನ್ಯವಾಗಿ 130 ಗ್ರಾಮಿಗಿಂತ ಕಡಿಮೆಯಾದರೆ ಮಾತ್ರ ಲೋ ಕಾರ್ಬ್ ಎನ್ನುತ್ತಾರೆ. 50ಕ್ಕಿಂತ ಕೆಳಗೆ ಇಳಿದರೆ ಅದು ಕೀಟೋ. ಆ ಲೆಕ್ಕದಲ್ಲಿ ನನ್ನದು ಲೋ ಕಾರ್ಬ್ ಕೂಡ ಅಲ್ಲ. ಹೆಸರಿನ ಚಿಂತೆ ನನಗಿಲ್ಲ.

ಇಲ್ಲೊಂದು ಭ್ರಮೆಯನ್ನು ಕುರಿತು ಸ್ವಲ್ಪ ಖಾರವಾಗಿಯೇ ಬರೆಯಬೇಕಾಗಿದೆ. "ನಮ್ಮದು ಜೋಳ, ಸಿರಿಧಾನ್ಯ, ಎಷ್ಟು ತಿಂದರೂ ಸಕ್ಕರೆ ಕಾಯಿಲೆ ಬರುವುದಿಲ್ಲ" ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ಜೋಳದ ಬಗ್ಗೆ ನನಗೂ ಹೆಮ್ಮೆಯಿದೆ. ಆದರೆ ಐಸಿಎಂಆರ್-ಇಂಡಿಯಾಬ್ ಎಂಬ ದೇಶವ್ಯಾಪಿ ಅಧ್ಯಯನ 2023ರಲ್ಲಿ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜಿಸಿತು. ಅದೇ ಅಧ್ಯಯನದ ಆಹಾರ ಕುರಿತ ಭಾಗ 2025ರಲ್ಲಿ ಪ್ರಕಟವಾಯಿತು. ಭಾರತೀಯರ ಶಕ್ತಿಯ ಶೇ. 62ರಷ್ಟು ಪಿಷ್ಟದಿಂದಲೇ ಬರುತ್ತಿದೆ ಎಂದೂ, ಸಿರಿಧಾನ್ಯಗಳು ಮುಖ್ಯ ಆಹಾರವಾಗಿ ಉಳಿದಿರುವುದು ಕರ್ನಾಟಕ, ಮಹಾರಾಷ್ಟ್ರ, ಗುಜರಾತುಗಳಲ್ಲಿ ಮಾತ್ರವೆಂದೂ ಅದು ಹೇಳುತ್ತದೆ. ಅದರ ಜೊತೆಗೇ ಇನ್ನೊಂದು ಮಾತಿದೆ: ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ಅದೇ ಪ್ರಮಾಣದಲ್ಲಿ ತಿಂದರೆ ಮಧುಮೇಹದ ಅಪಾಯ ಕಡಿಮೆಯಾದದ್ದು ಕಂಡುಬರಲಿಲ್ಲ, ಪಿಷ್ಟದ ಒಂದು ಪಾಲನ್ನು ಬೇಳೆಕಾಳು, ಹಾಲು ಮೊಸರುಗಳ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಅಪಾಯ ಕಡಿಮೆಯಿತ್ತು. ನಮ್ಮ ಸೇಡಂಗೆ ಬೆಂಗಳೂರಿಗಿಂತ ಹತ್ತಿರದ ಹೈದರಾಬಾದಿನಲ್ಲೇ ಇರುವ ರಾಷ್ಟ್ರೀಯ ಪೋಷಣೆ ಸಂಸ್ಥೆಯೂ 2024ರ ತನ್ನ ಮಾರ್ಗಸೂಚಿಯಲ್ಲಿ, ಧಾನ್ಯ ಸಿರಿಧಾನ್ಯಗಳೆರಡೂ ಸೇರಿ ಒಟ್ಟು ಶಕ್ತಿಯ ಶೇ. 45ನ್ನು ಮೀರಬಾರದೆಂದು ಹೇಳಿದೆ.

ನಮ್ಮ ಹಿರಿಯರು ಆರು ರೊಟ್ಟಿ ತಿನ್ನುತ್ತಿದ್ದರಲ್ಲ ಎಂದು ಕೇಳುವಿರಿ. ತಿನ್ನುತ್ತಿದ್ದರು. ಶಹಾಬಾದಿನ ಕಲ್ಲಿನ ಗಣಿಯಲ್ಲಿ ಬೇಸಿಗೆಯ ಬಿಸಿಲಿನಲ್ಲಿ ಫರಸಿ ಎಬ್ಬಿಸುವವನಿಗೆ ಆರು ರೊಟ್ಟಿ ಹೆಚ್ಚಲ್ಲ. ಕಾಗಿಣಾ ದಂಡೆಯ ಕರಿಭೂಮಿಯಲ್ಲಿ ಕುಂಟೆ ಹೊಡೆಯುವವನಿಗೂ ಹೆಚ್ಚಲ್ಲ. ಈಗ ಹೊಲಕ್ಕೆ ಟ್ರ್ಯಾಕ್ಟರು, ಕಿರಾಣಿ ಅಂಗಡಿಗೆ ಮೋಟಾರು ಸೈಕಲ್ಲು. ವಾಡಿಯ ಸಿಮೆಂಟು ಕಾರ್ಖಾನೆಯಲ್ಲಿ ಪಾಳಿ ಮಾಡುವ ನನ್ನ ಒಬ್ಬ ವಿದ್ಯಾರ್ಥಿ ದಿನವಿಡೀ ಯಂತ್ರದ ಪರದೆಯ ಮುಂದೆ ಕುಳಿತಿರುತ್ತಾನೆ. ಊಟ ಮಾತ್ರ ಅವನ ಅಜ್ಜ ಗಣಿಯಲ್ಲಿ ಮಾಡಿದಷ್ಟೇ. ಜೊತೆಗೆ 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ರೊಟ್ಟಿಯ ಮೇಲೆ ಅನ್ನವೂ ದಿನನಿತ್ಯದ್ದಾಯಿತು. ಹಸಿವಿನ ಕಾಲವನ್ನು ಕಂಡವನಾದ ನಾನು ಆ ಯೋಜನೆಯನ್ನು ಹೀಗಳೆಯಲಾರೆ. ಆದರೆ ತೊಗರಿಯ ಕಣಜವೆನಿಸಿದ ನಾಡಿನಲ್ಲಿ, 2019ರಲ್ಲಿ ಗುಲಬರ್ಗಾ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತ ಜಿಲ್ಲೆಯಲ್ಲಿ, ತೊಗರಿ ಬೆಳೆದವನ ಮನೆಯ ಬೇಳೆ ನೀರುನೀರಾಗಿರುವುದು ನನ್ನನ್ನು ಬಹಳ ಕಾಡುತ್ತದೆ. ರಾಶಿ ಮುಗಿದೊಡನೆ ಸಾಲಕ್ಕಾಗಿ ಕಾಳು ಅಡತಿಗೆ ಹೋಗುತ್ತದೆ. ಬೇಳೆ ಅಂಗಡಿಯಿಂದ ಪಾವುಗಟ್ಟಲೆ ಬರುತ್ತದೆ. ಹೆಚ್ಚುವರಿ ಅಕ್ಕಿಯ ಬದಲು ತೊಗರಿ ಬೇಳೆ, ಎಣ್ಣೆ ಮುಂತಾದವುಗಳ ಕಿಟ್ ಕೊಡಬೇಕೆಂದು ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರಿನಲ್ಲಿ ತೀರ್ಮಾನಿಸಿದ್ದು ನನ್ನ ಮಟ್ಟಿಗೆ ಸರಿಯಾದ ದಿಕ್ಕು. ಅದರಲ್ಲಿ ಸಕ್ಕರೆಯನ್ನೂ ಸೇರಿಸಿದ್ದು ಏತಕ್ಕೆಂದು ಮಾತ್ರ ತಿಳಿಯಲಿಲ್ಲ. ಶಾಲೆಯ ಬಿಸಿಯೂಟಕ್ಕೆ 2021ರ ಡಿಸೆಂಬರಿನಲ್ಲಿ ನಮ್ಮ ಭಾಗದ ಜಿಲ್ಲೆಗಳಲ್ಲಿ ಮೊಟ್ಟೆ ಬಂದಾಗ ಎಷ್ಟು ಗದ್ದಲವಾಯಿತು! ತಿನ್ನದ ಮನೆಯವರು ತಿನ್ನುವುದು ಬೇಡ. ತಿನ್ನುವ ಮಕ್ಕಳಿಗೆ ಅದು ಬೇಳೆಯಷ್ಟೇ ಅವಶ್ಯ.

ಹೆಣ್ಣುಮಕ್ಕಳ ವಿಷಯ ಇನ್ನೂ ಗಂಭೀರ. ಎಲ್ಲರಿಗೂ ಬಡಿಸಿ ಕೊನೆಗೆ ಕೂಡುವವರಿಗೆ ಉಳಿದಿರುವುದು ರೊಟ್ಟಿ, ಅನ್ನ, ಹಿಂಡಿ. ಬೇಳೆಯ ಪಾತ್ರೆ ಅಷ್ಟರಲ್ಲಿ ಬರಿದಾಗಿರುತ್ತದೆ. ನಲವತ್ತು ದಾಟಿದ ಮೇಲೆ "ಏನೂ ತಿನ್ನುವುದಿಲ್ಲ, ಆದರೂ ಮೈ ಬರುತ್ತಿದೆ" ಎಂದು ಸೊಸೆಯಂದಿರು ದೂರುವುದರಲ್ಲಿ ಸುಳ್ಳಿಲ್ಲ. ಅವರು ತಿನ್ನುವುದರಲ್ಲಿ ಪಿಷ್ಟದ ಹೊರತು ಬೇರೇನೂ ಇರುವುದಿಲ್ಲ. ಗಂಡಸರು ತೂಕ ಇಳಿಸುವ ಉತ್ಸಾಹದಲ್ಲಿ ತಮಗಾಗಿ ಬೇಳೆ, ಮೊಸರು ಹೆಚ್ಚಿಸಿಕೊಳ್ಳುವ ಮೊದಲು ಪಾತ್ರೆಯ ಗಾತ್ರವನ್ನು ಹೆಚ್ಚಿಸಲಿ.

ಇನ್ನು ಇಳಿದ ತೂಕವನ್ನು ಉಳಿಸಿಕೊಳ್ಳುವ ಮಾತು. ಬೆಂಗಳೂರಿನಲ್ಲಿ ಕಂಪ್ಯೂಟರ್ ಉದ್ಯೋಗದಲ್ಲಿರುವ ನನ್ನ ಶಿಷ್ಯನೊಬ್ಬ ಕೀಟೋ ಮಾಡಿ ಐದು ತಿಂಗಳಲ್ಲಿ 18 ಕಿಲೋ ಇಳಿಸಿದ. ಪನೀರು, ಬೆಣ್ಣೆ, ಬಾದಾಮಿ ಹಿಟ್ಟಿನ ರೊಟ್ಟಿ. ತನ್ನ ತಂಗಿಯ ಮದುವೆಗೆ ಸೇಡಂಗೆ ಬಂದಾಗ ಯಾರೂ ಗುರುತು ಹಿಡಿಯಲಿಲ್ಲ. ಎರಡು ವರ್ಷದ ನಂತರ ಕಂಡಾಗ ಎಲ್ಲರೂ ಗುರುತು ಹಿಡಿದರು. ಅವನ ಇಚ್ಛಾಶಕ್ತಿ ಕುಗ್ಗಿತೆಂದು ಜರೆಯುವವರು ದೇಹದ ಲೆಕ್ಕವನ್ನು ಅರಿಯರು. ಇಳಿದ ಪ್ರತಿ ಕಿಲೋಗೆ ನಮ್ಮ ಹಸಿವು ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆಂದು 2016ರಲ್ಲಿ ಸಂಶೋಧಕರು ಅಂದಾಜು ಮಾಡಿದರು. ಹತ್ತು ಕಿಲೋ ಇಳಿಸಿದವನಿಗೆ ದಿನಕ್ಕೆ ಸಾವಿರ ಕ್ಯಾಲೊರಿಯ ಹೆಚ್ಚಿನ ಹಸಿವು, ಅಂದರೆ ಆರು ರೊಟ್ಟಿಯಷ್ಟು! ಇಂಥ ಹಸಿವನ್ನು ಬರೀ ಛಲದಿಂದ ವರ್ಷಗಟ್ಟಲೆ ತಡೆಯುವುದು ಯಾರಿಗೂ ಸುಲಭವಲ್ಲ. ಹೊಟ್ಟೆ ತುಂಬಿಸುವ ಕಾಳು, ನಾರು, ಮೊಸರುಗಳಿಂದ ಅದನ್ನು ಸಮಾಧಾನಪಡಿಸಬೇಕು. ಅಮೆರಿಕದಲ್ಲಿ 1994ರಿಂದ, ಕನಿಷ್ಠ 30 ಪೌಂಡು ಇಳಿಸಿ ವರ್ಷಕ್ಕಿಂತ ಹೆಚ್ಚು ಕಾಲ ಉಳಿಸಿಕೊಂಡವರ ಒಂದು ದಾಖಲೆ ಇಟ್ಟಿದ್ದಾರೆ. ಅವರಲ್ಲಿ ಹೆಚ್ಚಿನವರು ದಿನಕ್ಕೆ ಒಂದು ಗಂಟೆಯಷ್ಟು ಮೈದಣಿಸುತ್ತಾರೆ, ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ. ಇಳಿಸಿದ ಬಗೆ ಒಬ್ಬೊಬ್ಬರದು ಒಂದೊಂದು.

ಆದ್ದರಿಂದ ನಾನು ಕೇಳುವ ಪ್ರಶ್ನೆ ಒಂದೇ: ಈ ಊಟವನ್ನು ನೀನು ಎಂಬತ್ತನೆಯ ವಯಸ್ಸಿನಲ್ಲೂ, ನಿನ್ನೂರಿನಲ್ಲಿ, ನಿನ್ನ ಸಂಬಳದಲ್ಲಿ ಉಣ್ಣಬಲ್ಲೆಯಾ? ಬಾದಾಮಿ ಹಿಟ್ಟು ಚಿತ್ತಾಪುರದ ಸಂತೆಯಲ್ಲಿ ಸಿಗುವುದಿಲ್ಲ. ಹೆಸರುಕಾಳು, ಶೇಂಗಾ, ಪುಂಡಿಸೊಪ್ಪು, ಬದನೆಕಾಯಿ ಸಿಗುತ್ತವೆ. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವ ಭಜ್ಜಿಯನ್ನೇ ನೋಡಿ: ಹಸಿ ತೊಗರಿಕಾಳು, ಕಡಲೆ, ಅವರೆ, ಬಟಾಣಿ, ಸೊಪ್ಪುಗಳೆಲ್ಲ ಸೇರಿ ಕಡಲೆಹಿಟ್ಟಿನಲ್ಲಿ ಕುದಿದದ್ದು. ಬಟ್ಟಲು ತುಂಬ ಭಜ್ಜಿ, ಜೊತೆಗೆ ಒಂದೇ ಸಜ್ಜೆ ರೊಟ್ಟಿ. ಯಾವ ಪೌಷ್ಟಿಕ ತಜ್ಞನೂ ಇದಕ್ಕಿಂತ ಒಳ್ಳೆಯ ತಟ್ಟೆಯನ್ನು ನಮಗೆ ಬರೆದುಕೊಡಲಾರ. ವರ್ಷಕ್ಕೊಮ್ಮೆ ಮಾತ್ರ ಮಾಡಬೇಕೆಂದು ಯಾವ ಶಾಸ್ತ್ರದಲ್ಲಿದೆ? ಹೂರಣದ ಹೋಳಿಗೆಯನ್ನು ಹಬ್ಬದಲ್ಲಿ ನಾನೂ ತಿನ್ನುತ್ತೇನೆ, ತುಪ್ಪ ಹಾಕಿಕೊಂಡೇ; ಅಂದು ರೊಟ್ಟಿ, ಅನ್ನ ಎರಡೂ ಇಲ್ಲ, ಅಷ್ಟೆ.

ಕೊನೆಯದಾಗಿ, ಯಾರೂ ಲಘುವಾಗಿ ತೆಗೆದುಕೊಳ್ಳಬಾರದ ಸಂಗತಿ. ನನ್ನ ಜೊತೆ ಕೆಲಸ ಮಾಡಿದ ಹಿರಿಯ ಶಿಕ್ಷಕರೊಬ್ಬರು ಇನ್ಸುಲಿನ್ ತೆಗೆದುಕೊಳ್ಳುವವರು. ಮೊಬೈಲಿನಲ್ಲಿ ಯಾರದೋ ಉಪದೇಶ ಕೇಳಿ ಒಂದು ಸೋಮವಾರದಿಂದ ರೊಟ್ಟಿ, ಅನ್ನ ಪೂರ್ತಿ ನಿಲ್ಲಿಸಿದರು. ಇನ್ಸುಲಿನ್ ಮಾತ್ರ ಎಂದಿನಷ್ಟೇ. ಗುರುವಾರ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರಂ ಮೇಲೆ ಬೆವೆತು, ಮಾತು ತೊದಲಿ ಕುಸಿದರು. ಕಂಡವರು ಕುಡಿದಿದ್ದಾರೆಂದು ದೂರ ಸರಿದರಂತೆ. ಚಹಾ ಮಾರುವ ಹುಡುಗನೊಬ್ಬನಿಗೆ ಮನೆಯಲ್ಲಿ ತಂದೆಯ ಸಕ್ಕರೆ ಕಾಯಿಲೆಯ ಅನುಭವವಿದ್ದುದರಿಂದ, ಅವರಿಗಿನ್ನೂ ನುಂಗುವ ಎಚ್ಚರವಿದ್ದುದನ್ನು ನೋಡಿ ಸಕ್ಕರೆ ನೀರು ಕುಡಿಸಿ ಉಳಿಸಿದ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಅಪಾಯ ಆರಂಭ. ಇನ್ಸುಲಿನ್ ಮತ್ತು ಗ್ಲಿಮೆಪಿರೈಡ್‌ನಂಥ ಗುಳಿಗೆಗಳು ಹೊಟ್ಟೆಗೆ ಪಿಷ್ಟ ಬಂದಿದೆಯೋ ಇಲ್ಲವೋ ನೋಡುವುದಿಲ್ಲ, ತಮ್ಮ ಕೆಲಸ ಮಾಡಿಯೇ ತೀರುತ್ತವೆ. ಡಪಾಗ್ಲಿಫ್ಲೋಜಿನ್‌ನಂಥ ಹೊಸ ಗುಳಿಗೆ ನುಂಗುತ್ತ ಪಿಷ್ಟವನ್ನು ಪೂರ್ತಿ ಬಿಟ್ಟರೆ, ಸಕ್ಕರೆ ತೀರ ಏರದಿದ್ದರೂ ರಕ್ತ ಆಮ್ಲಮಯವಾಗುವ ಸಂಭವವಿದೆ. ಮೂತ್ರಪಿಂಡದ ತೊಂದರೆ ಇರುವವರು ಬೇಳೆ, ಮೊಟ್ಟೆಗಳನ್ನೂ ಮನಬಂದಂತೆ ಹೆಚ್ಚಿಸುವಂತಿಲ್ಲ. ಆದ್ದರಿಂದ ಗುಳಿಗೆ, ಸೂಜಿಯಲ್ಲಿರುವ ನನ್ನ ಶಿಷ್ಯರೂ ಬಂಧುಗಳೂ ಒಂದು ರೊಟ್ಟಿ ಕಡಿಮೆ ಮಾಡುವ ಮೊದಲು ತಮ್ಮ ವೈದ್ಯರ ಬಳಿ ಹೋಗಿ, ಔಷಧದ ಪ್ರಮಾಣ ಎಷ್ಟು ಇಳಿಸಬೇಕೆಂದು ಕೇಳಿ ಬರೆಸಿಕೊಂಡು ಬರಬೇಕು. ಹೋಗುವಾಗ ನಾನು ಕೊಟ್ಟ ಈ ಗ್ರಾಮುಗಳ ಲೆಕ್ಕವನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ದಿನಕ್ಕೆ ನೀವು ಎಷ್ಟು ರೊಟ್ಟಿ, ಎಷ್ಟು ಅನ್ನ ಉಣ್ಣುತ್ತೀರೆಂದು ಅವರು ಕೇಳಿಯೇ ಕೇಳುತ್ತಾರೆ.