ಕಡೆಯ ಬಂಡಿ

ರಾತ್ರಿ ಹನ್ನೆರಡು ಹೊಡೆಯುವ ಹೊತ್ತಿಗೆ ಟೋಕಿಯೋದ ಷಿಂಜುಕು ನಿಲ್ದಾಣದಲ್ಲಿ ಒಮ್ಮೆ ನಿಂತು ನೋಡಬೇಕು. ಹಗಲೆಲ್ಲ ಗಂಭೀರವಾಗಿ ಸಾಲು ಹಿಡಿದು ನಿಲ್ಲುವ, ತಮ್ಮ ಭುಜ ಪರರಿಗೆ ಸೋಕಿದರೂ ತಲೆಬಾಗಿ ಕ್ಷಮೆ ಬೇಡುವ ಸಭ್ಯ ಜನ ಆ ಹೊತ್ತಿನಲ್ಲಿ ಓಡುತ್ತಾರೆ. ಕರಿಯ ಕೋಟು ತೊಟ್ಟ ಗುಮಾಸ್ತರು, ಎತ್ತರದ ಹಿಮ್ಮಡಿಯ ಪಾದರಕ್ಷೆ ಮೆಟ್ಟಿದ ತರುಣಿಯರು, ಮೇಲಧಿಕಾರಿಯ ಔತಣವನ್ನು ನಿರಾಕರಿಸಲಾರದೆ ಮುಖ ಕೆಂಪಗೆ ಮಾಡಿಕೊಂಡ ಮಧ್ಯವಯಸ್ಕರು, ಎಲ್ಲರೂ ಓಡುತ್ತಾರೆ. ಬೆಂಕಿ ಬಿದ್ದಿಲ್ಲ, ಭೂಮಿ ನಡುಗಿಲ್ಲ. ಅವರವರ ಊರಿಗೆ ಹೋಗುವ ಕಡೆಯ ಬಂಡಿ ಹೊರಡುವುದರಲ್ಲಿದೆ, ಅಷ್ಟೆ.

ಈ ಕಡೆಯ ಬಂಡಿಗೆ ಜಪಾನೀಯರು ‘ಷೂಡೆನ್’ ಎನ್ನುತ್ತಾರೆ. ಸುತ್ತಣ ಉಪನಗರಗಳೂ ಸೇರಿದರೆ ಸುಮಾರು ಮೂರೂವರೆ ಕೋಟಿಗೂ ಮಿಗಿಲಾದ ಜನ ವಾಸಿಸುವ ಮಹಾನಗರ ಅದು. ಅಷ್ಟು ದೊಡ್ಡ ನಗರದ ರೈಲುಗಳು ರಾತ್ರಿ ಒಂದು ಗಂಟೆಯ ಆಸುಪಾಸಿಗೆ ಸಂಪೂರ್ಣವಾಗಿ ಸ್ತಬ್ಧವಾಗುತ್ತವೆಂದರೆ ಹೊಸಬರಿಗೆ ನಂಬಿಕೆಯೇ ಬಾರದು. ಮತ್ತೆ ಮೊದಲ ಬಂಡಿ ಬರುವುದು ಬೆಳಗಿನ ಜಾವ ನಾಲ್ಕೂವರೆಯ ಸುಮಾರಿಗೆ. ನಡುವಣ ಆ ಮೂರು ನಾಲ್ಕು ಗಂಟೆಗಳು ಟ್ಯಾಕ್ಸಿಯವರವು. ಟ್ಯಾಕ್ಸಿಗೆ ಹಣವಿಲ್ಲದವರು ಚಿತ್ರಕಥೆಗಳ ಪುಸ್ತಕ ಜೋಡಿಸಿಟ್ಟ ರಾತ್ರಿಯ ಕೆಫೆಗಳಲ್ಲೊ, ಜೇನುಗೂಡಿನ ಕಣದಂತಹ ಪುಟ್ಟ ಗೂಡುಗಳ ವಸತಿಗೃಹಗಳಲ್ಲೊ ಕಾಲ ತಳ್ಳಬೇಕು.

ಹಗಲು ಮಾತ್ರ ಆ ನಗರ ಪರಸ್ಥಳದವರಿಗೆ ತೋರುವ ಔದಾರ್ಯ ಅಪೂರ್ವವಾದದ್ದು. ರೈಲುಮಾರ್ಗಗಳ ನಕ್ಷೆಯನ್ನು ಮೊದಲ ಸಲ ನೋಡಿದವನ ಎದೆ ಧಸಕ್ಕೆನ್ನುವುದು ನಿಜ. ಮಕ್ಕಳು ಬಣ್ಣದ ನೂಲಿನುಂಡೆಗಳನ್ನು ಬಿಚ್ಚಿ ನೆಲದ ಮೇಲೆ ಚೆಲ್ಲಿದಂತೆ ಅದು ಕಾಣುತ್ತದೆ. ಷಿಂಜುಕು ನಿಲ್ದಾಣ ಒಂದಕ್ಕೇ ಇನ್ನೂರಕ್ಕೂ ಹೆಚ್ಚು ಬಾಗಿಲುಗಳು. 2020ರ ಸಾಂಕ್ರಾಮಿಕಕ್ಕೆ ಮುಂಚಿನ ವರ್ಷಗಳಲ್ಲಿ ದಿನಕ್ಕೆ 35 ಲಕ್ಷದಷ್ಟು ಜನ ಅಲ್ಲಿ ಹಾಯ್ದುಹೋಗುತ್ತಿದ್ದರು. ತಪ್ಪು ಬಾಗಿಲಿನಿಂದ ಹೊರಬಿದ್ದವನು ಸರಿಯಾದ ಬಾಗಿಲನ್ನು ಹುಡುಕುತ್ತ ಅರ್ಧ ಗಂಟೆ ಅಲೆದರೆ ಆಶ್ಚರ್ಯವಿಲ್ಲ. ಆದರೆ ಒಂದೆರಡು ದಿನ ಕಳೆಯಲಿ, ಗಂಟು ತಾನಾಗಿ ಬಿಡಿಸಿಕೊಳ್ಳುತ್ತದೆ. ಭೂಗತ ರೈಲಿನ ಪ್ರತಿಯೊಂದು ಮಾರ್ಗಕ್ಕೂ ಒಂದು ಬಣ್ಣ, ಒಂದು ಅಕ್ಷರ; ಪ್ರತಿಯೊಂದು ನಿಲ್ದಾಣಕ್ಕೂ ಒಂದು ಸಂಖ್ಯೆ. 2004ರಲ್ಲಿ ಬಂದ ಈ ಏರ್ಪಾಡಿನ ದೆಸೆಯಿಂದ ಜಪಾನೀ ಲಿಪಿಯ ಒಂದಕ್ಷರವನ್ನೂ ಅರಿಯದವನು ‘ಜಿ 09’ ಎಂಬುದನ್ನು ನೆನಪಿಟ್ಟುಕೊಂಡು ಗಿಂಜಾದಲ್ಲಿ ಇಳಿಯಬಲ್ಲ. ದಿಕ್ಕು ತಪ್ಪಿದರೆ ಯಾಮಾನೊಟೆ ಎಂಬ ವರ್ತುಲಮಾರ್ಗವಿದೆ. ನಗರದ ಹೃದಯವನ್ನು ಬಳಸಿಕೊಂಡು ಓಡುವ 34.5 ಕಿಲೋಮೀಟರಿನ, 30 ನಿಲ್ದಾಣಗಳ ಉಂಗುರ ಅದು. ವಿರುದ್ಧ ದಿಕ್ಕಿನ ಬಂಡಿಯನ್ನೇ ಹತ್ತಿದರೂ ಸುಮ್ಮನೆ ಕುಳಿತವನು ಸುಮಾರು ಒಂದು ಗಂಟೆಯಲ್ಲಿ ಹೊರಟಲ್ಲಿಗೇ ಬಂದು ಸೇರುತ್ತಾನೆ. ಹೊಸಬನಿಗೆ ಇದಕ್ಕಿಂತ ದೊಡ್ಡ ಅಭಯ ಬೇರೇನು ಬೇಕು?

ಟಿಕೆಟ್ಟಿನ ವಿಚಾರದಲ್ಲಿಯೂ ಹಾಗೆಯೆ. ಈಗ ಹೆಚ್ಚಿನವರು ಮುಂಗಡವಾಗಿ ಹಣ ತುಂಬಿದ ಕಾರ್ಡನ್ನೊ ದೂರವಾಣಿಯನ್ನೊ ದ್ವಾರದ ಯಂತ್ರಕ್ಕೆ ತಾಗಿಸಿ ನಡೆಯುತ್ತಾರೆ. ‘ಸೂಯಿಕಾ’ ಎಂಬ ಹಸುರು ಕಾರ್ಡು 2001ರ ನವೆಂಬರಿನಲ್ಲಿಯೇ ಬಂದಿತು. ಕಾಗದದ ಟಿಕೆಟ್ಟು ಕೊಂಡು, ದರ ತಿಳಿಯದೆ ಕಡಿಮೆ ಹಣ ತೆತ್ತವನೂ ಹೆದರಬೇಕಾಗಿಲ್ಲ. ಹೊರದ್ವಾರಕ್ಕೆ ಮುಂಚೆ ಒಂದು ಯಂತ್ರವಿದೆ. ಅದರ ಬಾಯಿಗೆ ಟಿಕೆಟ್ಟನ್ನು ಕೊಟ್ಟರೆ ಎಷ್ಟು ಬಾಕಿ ಎಂದು ಹೇಳುತ್ತದೆ. ಅಷ್ಟನ್ನು ಕೊಟ್ಟು ಹೊರಡಬಹುದು. ದಂಡವಿಲ್ಲ, ಛೀಮಾರಿಯಿಲ್ಲ. ಕಡಿಮೆ ಕೊಟ್ಟವನು ಕಳ್ಳನಲ್ಲ, ಲೆಕ್ಕ ತಪ್ಪಿದವನು ಎಂದು ಒಂದು ಊರು ಮೊದಲೇ ನಂಬಿ ಕುಳಿತಿರುವುದು ಸಣ್ಣ ಮಾತೇ?

ಏಷ್ಯಾ ಖಂಡದ ಮೊತ್ತಮೊದಲ ಭೂಗತ ರೈಲು ಓಡಿದ್ದು ಈ ಊರಿನಲ್ಲಿಯೇ. 1927ರ ಡಿಸೆಂಬರ್ 30ರಂದು ಅಸಾಕುಸಾದಿಂದ ಉಯೆನೊವರೆಗೆ, ಕೇವಲ 2.2 ಕಿಲೋಮೀಟರು. ಲಂಡನ್ನಿನ ನೆಲದಡಿಯ ರೈಲನ್ನು ಕಂಡು ಬೆರಗಾಗಿ ಬಂದ ಹಯಾಕಾವಾ ನೊರಿತ್ಸುಗು ಎಂಬಾತ ಅದರ ಜನಕ. ಟೋಕಿಯೋದ ಬೀದಿಯ ಮೂಲೆಯಲ್ಲಿ ನಿಂತು, ಜೇಬಿನಲ್ಲಿ ಕರಿಯ ಬಿಳಿಯ ಕಾಳುಗಳನ್ನಿಟ್ಟುಕೊಂಡು, ಓಡಾಡುವ ಜನರನ್ನೂ ವಾಹನಗಳನ್ನೂ ಆತ ಎಣಿಸಿದನೆಂದು ಹೇಳುವುದುಂಟು. ಎಣಿಸುವ ಆ ಅಭ್ಯಾಸ ಊರನ್ನು ಬಿಟ್ಟುಹೋಗಲಿಲ್ಲ. ಈಗ ಎಣಿಸುವುದು ಕಾಳನ್ನಲ್ಲ, ಸೆಕೆಂಡನ್ನು.

ಆದರೆ ಎಲ್ಲವೂ ಹೂವಿನ ಹಾಸಿಗೆಯಲ್ಲ. ಬೆಳಗಿನ ಎಂಟು ಗಂಟೆಯ ಬಂಡಿಯಲ್ಲಿ ಕೈಯನ್ನು ಜೇಬಿನಿಂದ ತೆಗೆಯಲು ಮರೆತವನು ಇಳಿಯುವ ತನಕ ತೆಗೆಯಲಾರ. ಪ್ರಯಾಣಿಕರನ್ನು ಒಳಕ್ಕೆ ನೂಕಿ ಬಾಗಿಲು ಮುಚ್ಚಿಸುವವರಿಗೆ ‘ಒಷಿಯಾ’ ಎಂಬ ಹೆಸರೇ ಹುಟ್ಟಿಕೊಂಡಿತು. ಮೊದಮೊದಲು ಬಿಡುವಿನ ವೇಳೆಯಲ್ಲಿ ದುಡಿಯುವ ವಿದ್ಯಾರ್ಥಿಗಳೇ ಆ ಕೆಲಸಕ್ಕೆ ನಿಲ್ಲುತ್ತಿದ್ದರು. ಈ ನೂಕುನುಗ್ಗಲಿನ ಮರೆಯಲ್ಲಿ ಹೆಂಗಸರು ಅನುಭವಿಸಿದ ಹಿಂಸೆಯೂ ಕಡಿಮೆಯಲ್ಲ. 2001ರಿಂದೀಚೆಗೆ ಒಂದೊಂದಾಗಿ ಹಲವು ಮಾರ್ಗಗಳಲ್ಲಿ ನಿಗದಿಯಾದ ವೇಳೆಗಳಲ್ಲಿ ಸ್ತ್ರೀಯರಿಗೇ ಮೀಸಲಾದ ಗಾಡಿ ಬರುವಂತಾಗಲು ಕಾರಣ ಅದೇ. ಸಭ್ಯತೆಗೆ ಹೆಸರಾದ ಊರು ಇಂತಹ ಏರ್ಪಾಡು ಮಾಡಬೇಕಾಯಿತೆಂಬುದನ್ನು ಪ್ರವಾಸದ ಪುಸ್ತಕಗಳು ಬೇಗನೆ ದಾಟಿಬಿಡುತ್ತವೆ.

ಇನ್ನು ಟ್ಯಾಕ್ಸಿ. ದೂರದಿಂದ ಬರುವ ಗಾಡಿಯ ಮುಂಗಾಜಿನಲ್ಲಿ ಕೆಂಪು ಅಕ್ಷರ ಬೆಳಗುವುದನ್ನು ಕಂಡು, ‘ಕೆಂಪು, ಆದುದರಿಂದ ಖಾಲಿಯಿಲ್ಲ’ ಎಂದು ಹೊಸಬ ಕೈ ಇಳಿಸುತ್ತಾನೆ. ಅಲ್ಲಿ ಕೆಂಪೆಂದರೆ ಖಾಲಿ! ಗಾಡಿ ನಿಂತ ಮೇಲೆ ಬಾಗಿಲಿಗೆ ಕೈ ಹಾಕಬಾರದು. ಚಾಲಕನು ತನ್ನ ಪೀಠದಲ್ಲಿಯೇ ಕುಳಿತು ಹಿಂಬಾಗಿಲನ್ನು ತೆರೆಯುತ್ತಾನೆ, ಮುಚ್ಚುತ್ತಾನೆ. ಇಳಿದವನು ಮರ್ಯಾದೆಗೆಂದು ಬಾಗಿಲನ್ನು ದಬ್ಬಿದರೆ ಚಾಲಕನ ಮುಖ ಕೊಂಚ ಹುಳ್ಳಗಾಗುತ್ತದೆ. ಭಕ್ಷೀಸು ಕೊಡುವ ಪದ್ಧತಿಯಿಲ್ಲ. ಚಿಲ್ಲರೆ ಬಿಟ್ಟುಹೋದರೆ ಮರೆತಿರೆಂದು ಕೂಗಿ ಕರೆದು ಕೊಡುವವರೂ ಉಂಟು.

ತೊಡಕು ಇರುವುದು ವಿಳಾಸದಲ್ಲಿ. ಅಲ್ಲಿನ ಬಹುಪಾಲು ಬೀದಿಗಳಿಗೆ ಹೆಸರಿಲ್ಲ. ಪೇಟೆಯ ಭಾಗಕ್ಕೊಂದು ಅಂಕಿ, ಅದರೊಳಗಿನ ತುಂಡಿಗೊಂದು ಅಂಕಿ, ಮನೆಗೊಂದು ಅಂಕಿ. ಹಳೆಯ ಕ್ರಮದಲ್ಲಿ ಮನೆಯ ಅಂಕಿಗಳು ಸಾಲಾಗಿಯೂ ಇರುತ್ತಿರಲಿಲ್ಲ. 1962ರ ಕಾನೂನು ಅದನ್ನು ಎಷ್ಟೋ ಮಟ್ಟಿಗೆ ತಿದ್ದಿತು. ಇದೀಗ ಯಂತ್ರವು ದಾರಿ ತೋರಿಸುತ್ತದೆ. ಮುಂಚೆ ಮುದಿ ಚಾಲಕನು ಬಿಳಿಯ ಕೈಗವಸು ತೊಟ್ಟು ದಪ್ಪ ನಕ್ಷೆಯ ಪುಸ್ತಕವನ್ನು ಬಿಡಿಸಿ, ಕೊನೆಗೆ ಬೀದಿಮೂಲೆಯ ಪುಟ್ಟ ಪೊಲೀಸ್ ಚೌಕಿಯನ್ನೇ ಆಶ್ರಯಿಸಬೇಕಾಗುತ್ತಿತ್ತು. ಸ್ವಂತ ಕಾರಿನವರು ಬಾಡಿಗೆಗೆ ಜನರನ್ನು ಕೊಂಡೊಯ್ಯುವುದನ್ನು ಸರಕಾರ ಬಹುಕಾಲ ತಡೆದಿತ್ತು. 2024ರ ಏಪ್ರಿಲ್‌ನಲ್ಲಿ, ಅದೂ ಟ್ಯಾಕ್ಸಿ ಕಂಪೆನಿಗಳ ಮೇಲ್ವಿಚಾರಣೆಯಲ್ಲಿ, ಕೊಂಚ ಸಡಿಲಬಿಟ್ಟಿತು.

ಎಲ್ಲ ಸರಿ, ಬೆಲೆ? 2022ರ ನವೆಂಬರಿನಲ್ಲಿ ನಿಗದಿಯಾದ ದರದಂತೆ ಮೊದಲ 1.096 ಕಿಲೋಮೀಟರಿಗೇ 500 ಯೆನ್. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ನೂರಕ್ಕೆ ಇಪ್ಪತ್ತು ಹೆಚ್ಚು. ಸಂಬಳಗಾರನಿಗೆ ಮನೆ ಎಟುಕುವುದು ಉಪನಗರದಲ್ಲಿ, ಮೂವತ್ತು ನಲವತ್ತು ಕಿಲೋಮೀಟರು ಆಚೆ. ಕಡೆಯ ಬಂಡಿ ತಪ್ಪಿತೆಂದರೆ ಮೀಟರಿನ ಅಂಕಿಯನ್ನು ನೋಡುವುದಕ್ಕಿಂತ ಕಣ್ಣು ಮುಚ್ಚಿಕೊಳ್ಳುವುದೇ ಲೇಸು. ಷಿಂಜುಕುವಿನ ಆ ಓಟದ ಅರ್ಥ ಇದು.

ಬಂಡಿಯೇನೊ ಕ್ಷಣಮಾತ್ರವೂ ಕಾಯುವುದಿಲ್ಲ. 2017ರ ನವೆಂಬರಿನಲ್ಲಿ ಟೋಕಿಯೋದ ಹೊರವಲಯದ ಒಂದು ನಿಲ್ದಾಣದಿಂದ ಬಂಡಿಯೊಂದು 20 ಸೆಕೆಂಡು ಮೊದಲೇ ಹೊರಟಿತೆಂದು ಕಂಪೆನಿ ಬಹಿರಂಗವಾಗಿ ಕ್ಷಮೆ ಕೇಳಿತು. ಜಗತ್ತೆಲ್ಲ ನಕ್ಕು ಕೊಂಡಾಡಿತು. ಬಂಡಿ ತಡವಾದ ದಿನ ಕಚೇರಿಗೆ ತೋರಿಸಲೆಂದು ಪ್ರಯಾಣಿಕರಿಗೆ ಚೀಟಿ ಕೊಡುವ ರೂಢಿಯೂ ಅಲ್ಲುಂಟು. ಚಾಲಕನ ಹಿಂದೆ ನಿಂತು ನೋಡಿದರೆ, ಆತ ಒಬ್ಬನೇ ಇದ್ದರೂ ಪ್ರತಿಯೊಂದು ಸಂಕೇತದೀಪಕ್ಕೂ ಬೆರಳು ತೋರಿಸಿ ಗಟ್ಟಿಯಾಗಿ ಹೇಳುತ್ತಾನೆ. ಮಕ್ಕಳಿಗೆ ಅದು ತಮಾಷೆ. ಮನಸ್ಸು ಒಂದರೆಗಳಿಗೆ ಜಾರಿದರೂ ಬೆರಳೂ ನಾಲಿಗೆಯೂ ಅದನ್ನು ಎಳೆದು ತರಲೆಂದು ಮಾಡಿದ ಉಪಾಯ ಅದು.

ಈ ಶಿಸ್ತಿನ ಇನ್ನೊಂದು ಮುಖ ಕಂಡದ್ದು ಟೋಕಿಯೋದಲ್ಲಲ್ಲ, ಒಸಾಕಾ ಬಳಿಯ ಅಮಾಗಾಸಾಕಿಯಲ್ಲಿ. 2005ರ ಏಪ್ರಿಲ್ 25ರ ಬೆಳಿಗ್ಗೆ 23 ವಯಸ್ಸಿನ ಚಾಲಕನೊಬ್ಬ ಒಂದು ನಿಲ್ದಾಣದಲ್ಲಿ ಬಂಡಿಯನ್ನು ಮುಂದಕ್ಕೆ ಒಯ್ದು, ಮತ್ತೆ ಹಿಂದೆ ತಂದು ನಿಲ್ಲಿಸಿದ. ಕಳೆದದ್ದು ಒಂದೂವರೆ ನಿಮಿಷದಷ್ಟು. ತಪ್ಪು ಮಾಡಿದ ಚಾಲಕರನ್ನು ಅವಮಾನಕರವಾದ ‘ಮರುತರಬೇತಿ’ಗೆ ದೂಡುವ ಪದ್ಧತಿ ಆಗ ಅಲ್ಲಿತ್ತು, ಆತ ಹಿಂದೊಮ್ಮೆ ಅದನ್ನು ಅನುಭವಿಸಿಯೂ ಇದ್ದ. ಗಂಟೆಗೆ 70 ಕಿಲೋಮೀಟರು ಮೀರಬಾರದ ತಿರುವಿಗೆ ಬಂಡಿ 116ರ ವೇಗದಲ್ಲಿ ನುಗ್ಗಿ, ಹಳಿ ತಪ್ಪಿ, ಪಕ್ಕದ ವಸತಿ ಕಟ್ಟಡಕ್ಕೆ ಬಡಿಯಿತು. ಚಾಲಕನೂ ಸೇರಿ 107 ಮಂದಿ ಸತ್ತರು. 20 ಸೆಕೆಂಡಿನ ಕ್ಷಮಾಪಣೆಯನ್ನು ಕೊಂಡಾಡುವವರು ಈ ಒಂದೂವರೆ ನಿಮಿಷವನ್ನೂ ನೆನೆಯುವುದು ನ್ಯಾಯ.

2021ರ ಮಾರ್ಚಿಯಲ್ಲಿ ಟೋಕಿಯೋದ ಹಲವು ಮಾರ್ಗಗಳಲ್ಲಿ ಕಡೆಯ ಬಂಡಿಯ ವೇಳೆಯನ್ನು ಸುಮಾರು ಅರ್ಧ ಗಂಟೆ ಹಿಂದಕ್ಕೆ ತಂದರು. ಸಾಂಕ್ರಾಮಿಕದಿಂದ ರಾತ್ರಿಯ ಪ್ರಯಾಣಿಕರು ಕಡಿಮೆಯಾಗಿದ್ದರು. ಅದಕ್ಕಿಂತ ಮುಖ್ಯವಾಗಿ, ಬಂಡಿಗಳು ನಿಂತ ಮೇಲೆ ಹಳಿಗಿಳಿದು ದುರಸ್ತಿ ಮಾಡುವ ಕೆಲಸಗಾರರು ಸಾಲದೆ ಬಂದು, ಇದ್ದವರಿಗೆ ಆ ಮೂರು ಗಂಟೆಗಳು ಸಾಕಾಗುತ್ತಿರಲಿಲ್ಲ. ಔತಣದಿಂದ ಬರುವವರು ಗೊಣಗಿದರು. ಲಾಟೀನು ಹಿಡಿದು ಹಳಿಯ ಮೇಲೆ ಬಾಗುವವರನ್ನು ಅವರು ಎಂದೂ ಕಂಡವರಲ್ಲ.

ಷಿಂಜುಕುವಿನಿಂದ ಉತ್ತರಕ್ಕೆ ಹೊರಟ ಯಾಮಾನೊಟೆಯ ಬಂಡಿ ಎರಡು ನಿಮಿಷದಲ್ಲಿ ಷಿನ್-ಓಕುಬೊ ನಿಲ್ದಾಣದಲ್ಲಿ ನಿಲ್ಲುತ್ತದೆ. 2001ರ ಜನವರಿ 26ರ ಸಂಜೆ ಕುಡಿದ ಮತ್ತಿನಲ್ಲಿದ್ದ ಒಬ್ಬಾತ ಇಲ್ಲಿ ಹಳಿಯ ಮೇಲೆ ಬಿದ್ದ. ಭಾಷೆ ಕಲಿಯಲು ಬಂದಿದ್ದ 26 ವರ್ಷದ ಕೊರಿಯಾ ದೇಶದ ವಿದ್ಯಾರ್ಥಿ ಲೀ ಸೂ-ಹ್ಯೋನ್, ಜಪಾನಿನ ಛಾಯಾಗ್ರಾಹಕ ಸೆಕಿನೆ ಷಿರೋ, ಪರಸ್ಪರ ಪರಿಚಯವಿಲ್ಲದ ಇಬ್ಬರೂ ಆತನನ್ನು ಎತ್ತಲು ಹಾರಿದರು. ಬಂಡಿ ಬಂದಿತು, ಮೂವರೂ ಉಳಿಯಲಿಲ್ಲ. 2010ರಿಂದ ಈ ಮಾರ್ಗದ ಪ್ಲಾಟ್‌ಫಾರಂಗಳ ಅಂಚಿಗೆ ಸೊಂಟದೆತ್ತರದ ತಡೆಬಾಗಿಲುಗಳು ಒಂದೊಂದಾಗಿ ಬಂದವು. ಬಂಡಿ ನಿಂತ ಮೇಲಲ್ಲದೆ ಅವು ತೆರೆಯುವುದಿಲ್ಲ. ನಿಲ್ದಾಣದ ಮೆಟ್ಟಿಲ ಬದಿಯ ಗೋಡೆಯಲ್ಲಿ ಆ ಇಬ್ಬರ ನೆನಪಿಗೆ ಜಪಾನೀ ಮತ್ತು ಕೊರಿಯನ್ ಭಾಷೆಗಳಲ್ಲಿ ಬರೆದ ಒಂದು ಫಲಕವಿದೆ. ಕಡೆಯ ಬಂಡಿಯನ್ನು ಹಿಡಿಯಲು ಓಡುವವರು ಅದರ ಪಕ್ಕದಲ್ಲಿಯೇ ಹತ್ತಿ ಹೋಗುತ್ತಾರೆ.